ಕಂದು ಹಚ್ಚಿದ ಮುಖ

ಇಚಲಕರಂಜಿ
12 ಜುಲೈ 2010

ಲಗಮವ್ವ ವೈನಿಗೆ,

ಯಲ್ಲವ್ವ ಬರೆಯುವುದೇನೆಂದರೆ, ನಾವು ಮೂವರೂ ಆರಾಮ ಇದ್ದೇವೆ, ನನ್ನ ಕಿವಿಯೊಂದನ್ನು ಬಿಟ್ಟು. ಮೂವತ್ತು ವರ್ಷ ಪಾವರ್‌ಲೂಮಿನ ಖಟಖಟದೊಳಗೆ ಕೂತ ಕಿವಿ. ಎದುರಿಗೆ ನಿಂತು ಕೂಗಿದರೂ ಅರ್ಧ ಕೇಳುತ್ತದೆ. ಹೋದ ವಾರ ನಿನ್ನ ಗಂಡ ಹೊಳೆಪ್ಪಣ್ಣ ಫೋನ್ ಮಾಡಿದ್ದ. ನಾನು "ಛಲೋ ಆತು, ಛಲೋ ಆತು" ಎಂದು ನಗುತ್ತಾ ಅಂದೆ. ಆಮೇಲೆ ಮಗ ಹೇಳಿದ, ಅಣ್ಣ ನಿಮ್ಮ ಎಮ್ಮೆ ಸತ್ತ ಸುದ್ದಿ ಹೇಳುತ್ತಿದ್ದನಂತೆ. ಅಣ್ಣನಿಗೆ ತಪ್ಪಾಯಿತು ಎಂದು ಹೇಳು. ಇನ್ನು ಮೇಲೆ ಕಾಗದವೇ ಸರಿ. ಇಲ್ಲಿ ನನ್ನ ಗಂಡ ಸಾಲಿ ಕಲಿತಿಲ್ಲ, ಮಗನಿಗೆ ಮರಾಠಿ ಬಿಟ್ಟರೆ ಬೇರೆ ಓದಲು ಬಾರದು. ಬರೆದದ್ದು ನಮ್ಮಿಬ್ಬರ ನಡುವೆ ಇರುತ್ತದೆ.

ಒಂದು ಕೇಳಬೇಕಾಗಿತ್ತು. ಅವ್ವ ತೀರಿ ಹದಿಮೂರು ವರ್ಷವಾಯಿತು. ನಾನು ಮಣ್ಣಿಗೆ ಬರಲಿಲ್ಲ. ನಾನು ಗಂಡನ ಹಿಂದೆ ಈ ಊರಿಗೆ ಹೊರಟಾಗ ಅವ್ವ ಕಟ್ಟೆಯ ಮೇಲೆ ನಿಂತು "ಹೋಗ, ನನ್ನ ಮಣ್ಣಿಗೂ ಬರಬ್ಯಾಡ" ಎಂದದ್ದನ್ನು ನೀನೇ ಕೇಳಿದ್ದೀ. ಸಿಟ್ಟಿನ ಮಾತು ಎಂದು ಎಲ್ಲರೂ ಹೇಳಿದರು. ನಾನು ಅದನ್ನು ಹಟದಿಂದ ನಡೆಸಿಬಿಟ್ಟೆ. ಪ್ರತಿ ವರ್ಷ ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ಮಣೆಯ ಮೇಲೆ ಬರೀ ನೀರಿನ ತಂಬಿಗೆ ಇಟ್ಟು ಅದನ್ನೇ ಅವ್ವ ಎಂದುಕೊಳ್ಳುತ್ತೇನೆ. ತಂಬಿಗೆಗೆ ಮುಖ ಇಲ್ಲ. ಈಗೀಗ ಅವ್ವನ ಮುಖ ಕಣ್ಣಿಗೆ ಬರುವುದಿಲ್ಲ, ದನಿ ಮಾತ್ರ ಬರುತ್ತದೆ. ಅದೂ ಆ ಒಂದು ಮಾತಿನದು.

ನಿನ್ನ ಲಗ್ನದ ವರ್ಷ ಜಮಖಂಡಿಯಲ್ಲಿ ತೆಗೆಸಿದ ಫೋಟೋ ಇತ್ತಲ್ಲ, ಈಗ ಮುಳುಗಡೆಯಾದ ಹಳೇ ಮನೆಯ ನಡುಮನೆಯ ತೊಲೆಗೆ ಹಾಕಿದ್ದು, ಮೂಲೆ ಇಲಿ ತಿಂದದ್ದು? ಅವ್ವನದು ಅದೊಂದೇ ಫೋಟೋ. ಅದನ್ನು ಕಳಿಸಿಕೊಡು. ಅವ್ವ ನಿನಗೆ ಬರೀ ಅತ್ತೆಯಲ್ಲ, ನಿನ್ನಪ್ಪನ ಒಡಹುಟ್ಟಿದ ಅಕ್ಕ. ನೀನು ಜತನ ಮಾಡಿಯೇ ಇಟ್ಟಿರುತ್ತಿ. ಅವಳ ಕಣ್ಣಲ್ಲಿ ಇನ್ನೂ ಸಿಟ್ಟು ಇದೆಯೋ ಇಲ್ಲವೋ ನೋಡಬೇಕು.

ವಯಸ್ಸಿನಲ್ಲಿ ದೊಡ್ಡವಳು, ಸಂಬಂಧದಲ್ಲಿ ಸಣ್ಣವಳು,
ಯಲ್ಲವ್ವ


ಪುನರ್ವಸತಿ ಪ್ಲಾಟು, ತಾ. ಜಮಖಂಡಿ
26 ಜುಲೈ 2010

ಯಲ್ಲವ್ವಕ್ಕನಿಗೆ ಲಗಮವ್ವನ ಶರಣು.

ಕಾಗದ ಮುಟ್ಟಿತು. ಎಮ್ಮೆಯ ಮಾತಿಗೆ ನಿಮ್ಮಣ್ಣ ಬಿದ್ದು ಬಿದ್ದು ನಕ್ಕರು. "ಆಕಿ ಸಣ್ಣಾಕಿದ್ದಾಗೂ ಹಿಂಗ, ಕೇಳದ ಹ್ಞೂಂ ಅನ್ನಾಕಿ" ಎಂದರು.

ಅತ್ತೆಯ ಫೋಟೋ ಟ್ರಂಕಿನಲ್ಲಿದೆ. ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದೇನೆ. ಅಸಲು ಫೋಟೋ ಅಂಚೆಯಲ್ಲಿ ಹೋದರೆ ಹೋಯಿತು. ಜಮಖಂಡಿಯಲ್ಲಿ ಕಾಪಿ ತೆಗೆಸಿ ಕಳಿಸುತ್ತೇನೆ. ಸ್ವಲ್ಪ ತಡವಾದೀತು. ನಮ್ಮ ಮಹಿಳಾ ಸಂಘದವರು ಶ್ರಾವಣ ಮುಗಿಯುವುದರೊಳಗೆ ಹುಲಿಗೆಮ್ಮನ ದರ್ಶನ, ಹಂಪಿ ನೋಡಿ ಬರುವುದು ಎಂದು ಗೊತ್ತು ಮಾಡಿದ್ದಾರೆ. ಅದು ಆಗಲಿ.

ಬೀರಪ್ಪ ನಿಮ್ಮನ್ನು ಕಾಯಲಿ. ಅವನ ಅರಿಷಿಣದ ಭಂಡಾರ ಇದರೊಳಗೆ ಇಟ್ಟಿದ್ದೇನೆ, ಹಣೆಗೆ ಹಚ್ಚಿಕೋ.

ಲಗಮವ್ವ


ಪುನರ್ವಸತಿ ಪ್ಲಾಟು
14 ಸೆಪ್ಟೆಂಬರ್ 2010

ಯಲ್ಲವ್ವಕ್ಕನಿಗೆ ಶರಣು.

ಫೋಟೋ ಕಳಿಸಿದ್ದೇನೆ. ಮಡಚಬಾರದೆಂದು ಎರಡು ರಟ್ಟಿನ ನಡುವೆ ಇಟ್ಟಿದ್ದೇನೆ. ಮುಟ್ಟಿದ್ದಕ್ಕೆ ಎರಡು ಸಾಲು ಬರೆ. ಹೆಚ್ಚು ಬರೆಯಲು ಪುರಸೊತ್ತಿಲ್ಲ.

ಲಗಮವ್ವ


14 ಸೆಪ್ಟೆಂಬರ್ 2010
(ಅಂಚೆಗೆ ಹಾಕದ್ದು)

ಅಕ್ಕಾ,

ಈಗಷ್ಟೇ ಅಂಚೆ ಡಬ್ಬಿಗೆ ಹಾಕಿ ಬಂದೆ. ಹಾಕಿದ ಮೇಲೆ ಡಬ್ಬಿಯ ಬಾಯಿಯೊಳಗೆ ಕೈ ತುರುಕಿ ನೋಡಿದೆ. ಮೊಳಕೈ ಹೋಗಲಿಲ್ಲ.

ಅದು ಅತ್ತೆಯ ಫೋಟೋ ಅಲ್ಲ. ನಾನು.

ಹಂಪಿಯಲ್ಲಿ ಸಂಘದ ಭಾಗ್ಯಾ ತನ್ನ ಸಣ್ಣ ಕ್ಯಾಮೆರಾದಿಂದ ಎಲ್ಲರ ಫೋಟೋ ಹೊಡೆದಳು. ಬಂದ ಮೇಲೆ ಜಮಖಂಡಿಯ ಶಿವಯೋಗೆಪ್ಪನ ಸ್ಟುಡಿಯೋಕ್ಕೆ ನಾಲ್ಕು ಮಂದಿ ಹೋದೆವು. ಅವನು ಕಂಪ್ಯೂಟರಿನಲ್ಲಿ ಬಣ್ಣ ತೆಗೆದು ಕಂದು ಹಚ್ಚಿ, ಸಂಸ್ಥಾನದ ಕಾಲದ ಫೋಟೋದ ಹಾಗೆ ಮಾಡಿಕೊಡುತ್ತಾನೆ. ಈಗ ಪ್ರವಾಸಕ್ಕೆ ಹೋಗಿ ಬಂದವರೆಲ್ಲ ಹಾಗೆಯೇ ಮಾಡಿಸುತ್ತಾರೆ, ಹಂಪಿಯ ಕಲ್ಲಿಗೆ ಅದು ಒಪ್ಪುತ್ತದಂತೆ. ಜೊತೆಗಿದ್ದ ಮಾಲಾ ಅವನಿಗೆ, "ಬಣ್ಣಾ ತಗದ್ರ ರೊಕ್ಕಾನೂ ಕಡಿಮಿ ತಗೋಬೇಕಪಾ" ಎಂದಳು. ಅವನು, "ಬಣ್ಣಾ ತಗಿಯಾಕ ಹೆಚ್ಚ ರೀ ಅಕ್ಕಾರ, ಹಚ್ಚಾಕ ಕಡಿಮಿ" ಎಂದ. ನಕ್ಕೆವು.

ಆಮೇಲೆ ನನ್ನ ಫೋಟೋ ಬಂತು. ಕಲ್ಲಿನ ಕಂಬದ ಮುಂದೆ ಸೆರಗು ಎದೆಗೆ ಹಿಡಿದು ನಿಂತದ್ದು. ಅವನು ಏನೋ ಒಂದನ್ನು ಒತ್ತಿ ಎಳೆದ. ನನ್ನ ಹಸಿರು ಸೀರೆ ಹೋಯಿತು. ಆಕಾಶ ಹೋಯಿತು. ನಾನು ಹೋದೆ. ಅಲ್ಲಿ ಅತ್ತೆ ನಿಂತಿದ್ದಳು. ಆ ಮೂಗು, ಆ ಒತ್ತಿದ ತುಟಿ. ಮಾಲಾ, "ಅಯ್ಯ ನಮ್ಮವ್ವಾ! ಲಗಮವ್ವಾ, ನಿಮ್ಮತ್ತಿ ಎದ್ದ ಬಂದಾಳಲ್ಲ ಬೇ!" ಎಂದು ಎದೆ ಬಡಿದುಕೊಂಡಳು. ಸೋದರತ್ತೆಯ ಮನೆಗೇ ಸೊಸೆಯಾಗಿ ಹೋದವರ ಹಣೆಬರಹ ಇದು, ವಯಸ್ಸಾದಂತೆ ಅವಳ ಮುಖವೇ ಬರುತ್ತದೆ.

ಮರುದಿನ ಒಬ್ಬಳೇ ಹೋದೆ. ಕಂಬ ತೆಗೆದು ಹಿಂದೆ ಬರೀ ಪರದೆ ಹಾಕು ಎಂದೆ. ಮೂಲೆ ಇಲಿ ತಿಂದ ಹಾಗೆ ಮಾಡು ಎಂದೆ. ಅವನು, "ಯಾರ ಫೋಟೋ ರೀ ಇದು?" ಎಂದ.

"ನಮ್ಮತ್ತಿ."

"ನಿನ್ನಿ ಹಂಪಿ ಫೋಟೋದಾಗ ಇದ್ದವರು ಇವರ ಅಲ್ಲೇನ್ರಿ?"

"ಇವತ್ತ ನಮ್ಮತ್ತಿ."

ಅವನು ಒಮ್ಮೆ ನನ್ನನ್ನು, ಒಮ್ಮೆ ಗಾಜಿನೊಳಗಿನ ಮುಖವನ್ನು ನೋಡಿ, "ಆತ್ ಬಿಡ್ರಿ" ಎಂದ. ಕೊನೆಗೆ ಲಕೋಟೆಗೆ ಹಾಕುತ್ತಾ ಹೇಳಿದ, "ಹೊಸಾದನ್ನ ಹಳೇದ ಮಾಡೂದು ಸಸಾರ ಐತ್ರಿ ಅಕ್ಕಾರ. ಹಳೇದನ್ನ ಹೊಸಾದ ಮಾಡೂದ ತ್ರಾಸ."

ಅಸಲು ಫೋಟೋ ಟ್ರಂಕಿನಲ್ಲಿಲ್ಲ. ಒಂಬತ್ತು ವರ್ಷದಿಂದ ಇಲ್ಲ. ಅದು ಎಲ್ಲಿದೆ ಎಂದು ಬರೆಯಲು ಕೈ ಬರುತ್ತಿಲ್ಲ. ಈ ಕಾಗದವನ್ನು ಬೀರಪ್ಪನ ಭಂಡಾರದ ಬಟ್ಟಲ ಕೆಳಗೆ ಇಡುತ್ತೇನೆ. ಅವನಾದರೂ ಓದಲಿ.


ಇಚಲಕರಂಜಿ
11 ಅಕ್ಟೋಬರ್ 2010

ಲಗಮವ್ವ ವೈನಿಗೆ,

ಫೋಟೋ ಮುಟ್ಟಿತು. ರಟ್ಟು ಬಿಚ್ಚಿದ ಕೂಡಲೇ ಮುಖ ನೋಡಿದೆ. ಆಮೇಲೆ ಸೆರಗು ಹಿಡಿದ ಆ ಕೈಯನ್ನು ಬಹಳ ಹೊತ್ತು ನೋಡಿದೆ. ಮಗ, "ಆಯೀ, ಆಜ್ಜಿ ಕಾ?" ಎಂದು ಮರಾಠಿಯಲ್ಲಿ ಕೇಳಿದ. ನಾನು ಕೇಳಿಸದವಳ ಹಾಗೆ ರಟ್ಟು ಎತ್ತಿಟ್ಟೆ. ಕಿವುಡಿಯಾಗುವುದರಲ್ಲಿ ಇದೊಂದು ಸುಖ, ಉತ್ತರ ಕೊಡದಿದ್ದರೂ ನಡೆಯುತ್ತದೆ.

ಗುರುವಾರ ಅಮಾವಾಸ್ಯೆಗೆ ಎಡೆ ಹಿಡಿದೆ. ಹೋಳಿಗೆ, ಬದನೆಕಾಯಿ ಪಲ್ಯ, ಅವ್ವನಿಗೆ ಪ್ರೀತಿಯ ಪುಂಡಿಪಲ್ಯ. ಫೋಟೋ ಎದುರಿಗಿತ್ತು. ಹದಿಮೂರು ವರ್ಷದಲ್ಲಿ ಮೊದಲ ಸಲ ಎಡೆ ಹಿಡಿಯುವಾಗ ಒಬ್ಬಳೇ ಇದ್ದೇನೆ ಅನಿಸಲಿಲ್ಲ. ಆ ಕಣ್ಣಲ್ಲಿ ಸಿಟ್ಟಿಲ್ಲ ವೈನಿ. ಹೆದರಿಕೆ ಇದೆ. ಯಾಕೆ ಹೆದರಿಕೆ ಎಂದು ಮಾತ್ರ ತಿಳಿಯಲಿಲ್ಲ. ನಿನಗೇನಾದರೂ ಗೊತ್ತೇ?

ಯಲ್ಲವ್ವ


ಪುನರ್ವಸತಿ ಪ್ಲಾಟು
9 ಜನವರಿ 2011

ಯಲ್ಲವ್ವಕ್ಕನಿಗೆ ಶರಣು.

ಬರೆಯಲು ತಡವಾಯಿತು. ಅಮಾವಾಸ್ಯೆಯ ದಿನ ಸಂಜೆಗೆ ನನಗೆ ಜ್ವರ ಬಂತು. ಹದಿನೈದು ದಿನ ಮಲಗಿದೆ. ಬಾಯಿಗೆ ಏನು ಹಾಕಿದರೂ ಪುಂಡಿಪಲ್ಯದ ಹುಳಿ. ದವಾಖಾನೆಯವರು ಮಲೇರಿಯಾ ಅಂದರು. ಅವರಿಗೇನು ಗೊತ್ತು.

ಅತ್ತೆಯ ಕಣ್ಣಿನ ಮಾತು ನನಗೆ ಗೊತ್ತಿಲ್ಲ. ಫೋಟೋ ತೆಗೆಯುವವರು ಪರದೆಯೊಳಗೆ ತಲೆ ಹಾಕಿದ್ದಕ್ಕೆ ಹೆದರಿರಬೇಕು.

ಅಕ್ಕಾ, ಒಂದು ಮಾತು. ಅದು ಕಾಪಿ ಫೋಟೋ. ಅದಕ್ಕೆ ಹಾರ ಹಾಕಬೇಡ, ಮುಂದೆ ದೀಪ ಇಡಬೇಡ, ಊದಿನಕಡ್ಡಿ ಹಚ್ಚಬೇಡ. ಈಗಿನ ಕಾಗದ ಹೊಗೆಗೆ ಕೆಡುತ್ತದೆ ಎಂದು ಶಿವಯೋಗೆಪ್ಪ ಹೇಳಿದ್ದಾನೆ. ಎಡೆಯನ್ನು ಮೊದಲಿನ ಹಾಗೆ ತಂಬಿಗೆಗೇ ಹಿಡಿ. ಹಿರಿಯರು ನೀರಿನಲ್ಲಿ ಬರುತ್ತಾರೆ, ಫೋಟೋದಲ್ಲಿ ಬರುವುದಿಲ್ಲ ಎಂದು ನಮ್ಮ ಪೂಜಾರಿಯೂ ಅನ್ನುತ್ತಾನೆ.

ಲಗಮವ್ವ


ಇಚಲಕರಂಜಿ
30 ಸೆಪ್ಟೆಂಬರ್ 2011

ಲಗಮವ್ವ ವೈನಿಗೆ,

ಎಂಟು ತಿಂಗಳಾಯಿತು, ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈ ಮಂಗಳವಾರ ಅಮಾವಾಸ್ಯೆ ಆಯಿತು. ಎಡೆ ಹಿಡಿದೆ. ನಿನಗೆ ಮತ್ತೆ ಜ್ವರ ಬರಲಿಲ್ಲವಷ್ಟೆ?

ಇಲ್ಲಿ ಈಗಲೇ ನಸುಕಿನಲ್ಲಿ ಥಂಡಿ. ನನ್ನ ಮೊಣಕಾಲು ಹಿಡಿಯುತ್ತದೆ. ನಿನ್ನ ಎಡಗೈಯ ಕಿರುಬೆರಳು ಇನ್ನೂ ಸೆಳೆಯುತ್ತದೆಯೇ? ಮೊನ್ನೆ ಯಾಕೋ ಅದು ನೆನಪಾಯಿತು. ನಿನಗೆ ಹತ್ತು ವರ್ಷ, ಜೋಳ ಕೊಯ್ಯಲು ಹೋದಾಗ ಕುಡಗೋಲು ತಾಗಿ ಬೆರಳಿನ ತುದಿ ಹಾರಿತ್ತು. ನಾನು ಉಟ್ಟಿದ್ದ ಪರಕಾರದ ಅಂಚು ಹರಿದು ಅರಿಷಿಣ ಮೆತ್ತಿ ಕಟ್ಟಿದ್ದೆ. ಹೊಸ ಪರಕಾರ ಹರಿದದ್ದಕ್ಕೆ ಅವ್ವ ನನಗೇ ಹೊಡೆದಳು. ನೀನು ನನಗಿಂತ ಜೋರಾಗಿ ಅಳತೊಡಗಿದೆ. "ಆಕೀಗಿ ಬಡೀಬ್ಯಾಡ ಅತ್ತೀ, ತಪ್ಪ ನಂದು" ಎಂದೆ. ಆಗ ನಿನಗೆ ತಪ್ಪು ಒಪ್ಪುವುದು ಎಷ್ಟು ಸಸಾರ ಇತ್ತು.

ಬರೆ. ಏನಾದರೂ ಬರೆ.

ಯಲ್ಲವ್ವ


ಪುನರ್ವಸತಿ ಪ್ಲಾಟು
20 ಮೇ 2012

ಯಲ್ಲವ್ವಕ್ಕನ ಪಾದಕ್ಕೆ,

ಇದರ ಜೊತೆ ಒಂದು ಹಳೆಯ ಕಾಗದವೂ ಇದೆ. ಎರಡು ವರ್ಷದ ಹಿಂದೆ ಬರೆದು ಹಾಕದೆ ಇಟ್ಟದ್ದು. ಅರಿಷಿಣದ ಕಲೆ ಬಿದ್ದಿದೆ. ಅದನ್ನು ಮೊದಲು ಓದು, ಆಮೇಲೆ ಇದನ್ನು ಓದು.

ಓದಿದೆಯಾ? ಹಾಗಾದರೆ ಉಳಿದದ್ದು ಕೇಳು.

ಈ ವರ್ಷ ಡ್ಯಾಮಿನ ಹಿನ್ನೀರು ಬಹಳ ಕೆಳಗೆ ಹೋಗಿದೆ. ಹಳೇ ಊರಿನ ಬೀರಪ್ಪನ ಗುಡಿಯ ಕಟ್ಟೆ ಮೇಲೆ ಎದ್ದಿದೆ ಎಂದು ಸುದ್ದಿ ಬಂತು. ಹೋದ ಸೋಮವಾರ ಡೊಳ್ಳು ತೆಗೆದುಕೊಂಡು ಟ್ರ್ಯಾಕ್ಟರಿನಲ್ಲಿ ಹೋದೆವು. ಕೆಸರು ಒಣಗಿ ಬಿರುಕು ಬಿಟ್ಟಿದೆ. ಎಲ್ಲವೂ ಒಂದೇ ಬಣ್ಣ ಅಕ್ಕಾ. ಗುಡಿ, ಗೋಡೆ, ಬೇವಿನ ಬೊಡ್ಡೆ, ಎಲ್ಲಕ್ಕೂ ಯಾರೋ ಕಂದು ಹಚ್ಚಿದ ಹಾಗೆ. ನಿಮ್ಮಣ್ಣ ಗುಡಿಯ ಹತ್ತಿರ ಕೂತರು. ನಾನು ಮನೆ ಹುಡುಕುತ್ತಾ ಹೋದೆ. ನಡುಮನೆಯ ಕಲ್ಲಿನ ಗೋಡೆ ಎದೆಮಟ್ಟ ನಿಂತಿದೆ. ಅದರೊಳಗೆ ದೀಪ ಇಡುವ ಮಾಡ ಹಾಗೆಯೇ ಇದೆ.

ಊರು ಬಿಡುವ ದಿನ, ಎರಡು ಸಾವಿರದ ಒಂದನೇ ಇಸವಿ ಶ್ರಾವಣ. ಗಂಡಸರು ಬಾಗಿಲು, ತೊಲೆ, ಜಂತಿ ಎಲ್ಲ ಕಿತ್ತು ಟ್ರೇಲರಿಗೆ ಹೇರುತ್ತಿದ್ದರು. ತೊಲೆ ಕೀಳುವ ಮೊದಲು ಅತ್ತೆಯ ಫೋಟೋ ಇಳಿಸಿ ಮಾಡದಲ್ಲಿ ಇಟ್ಟೆ. ಕೊನೆಗೆ ತೆಗೆದುಕೊಂಡರಾಯಿತು, ಒಡೆಯಬಾರದು ಎಂದು. ಅಷ್ಟು ಖರೆ. ಟ್ರ್ಯಾಕ್ಟರ್ ಊರ ಅಗಸಿ ದಾಟುವಾಗ ನೆನಪಾಯಿತು. ಇದೂ ಖರೆ. ಮರೆತೆ ಎಂದು ನಿಮ್ಮಣ್ಣನಿಗೆ ಹೇಳಿದ್ದೇನೆ. ನಿನಗೂ ಹಾಗೆಯೇ ಹೇಳಬಹುದಿತ್ತು. ಮರೆತಿರಲಿಲ್ಲ. ನೆನಪಾಗಿ, ಬಾಯಿ ತೆರೆದು, "ತಡೀರಿ" ಎಂಬ ಮಾತು ಹಲ್ಲಿನವರೆಗೆ ಬಂತು. ಆಡಲಿಲ್ಲ. ಅವಳ ಕೈಕೆಳಗೆ ಹದಿನೆಂಟು ವರ್ಷ ಬಾಳ್ವೆ ಮಾಡಿದ್ದೆ. ರೊಟ್ಟಿ ದಪ್ಪವಾದರೆ ಮಾತು, ತೆಳುವಾದರೆ ಮಾತು. ನನ್ನ ಬಸಿರು ಎರಡು ಸಲ ಇಳಿದಾಗ, "ತಮ್ಮನ ಮಗಳ ಅಂತ ತಂದ್ನಿ, ಬಂಜಿ ಅಂತ ತರಲಿಲ್ಲ" ಎಂದಿದ್ದಳು. ಅವಳು ಸಿಟ್ಟಿನಲ್ಲಿ ಎಂದದ್ದು ಇಷ್ಟು ವರ್ಷದ ಮೇಲೂ ನನಗೆ ನೆನಪಿದೆ ನೋಡು. ಅಷ್ಟು ಸಣ್ಣ ಮನಸ್ಸು ನನ್ನದು. ಆ ದಿನ ಟ್ರೇಲರಿನ ಮೇಲೆ ಅವಳದೇ ತೊಲೆಯ ಮೇಲೆ ಕೂತು ಮನಸ್ಸಿನಲ್ಲಿ ಅಂದೆ, "ಅತ್ತೀ, ಹೊಸ ಮನಿಗಿ ನೀ ಬರಬ್ಯಾಡ. ನೀ ಇಲ್ಲೇ ಇರು."

ಹದಿನೈದು ದಿನಕ್ಕೆ ನೀರು ಬಂತು.

ದಿನಾ ದೇವರ ಜಗಲಿಗೆ ಕೈ ಮುಗಿಯುವವಳು ನಾನು. ಸೋಮವಾರ ಒಪ್ಪತ್ತು ಮಾಡುವವಳು. ಹಿರಿಯಳೊಬ್ಬಳನ್ನು ನೀರಿಗೆ ಬಿಟ್ಟು, ಅವಳ ಜಾಗದಲ್ಲಿ ನನ್ನ ಮುಖ ಇಟ್ಟು, ಅವಳಿಗೆ ಸಲ್ಲಬೇಕಾದ ಎಡೆ ನಾನು ಉಂಡೆ. ಜೀವ ಇದ್ದವಳು ಸತ್ತವರ ಅನ್ನ ಉಂಡೆ. ಎರಡೂ ಅಮಾವಾಸ್ಯೆಗೆ ಜ್ವರ ಬಂತು. ಹೋದ ವರ್ಷ ಅವತ್ತು ನೀರನ್ನೂ ಮುಟ್ಟಲಿಲ್ಲ, ಆದರೂ ಬಂತು. ನನಗಾದದ್ದು ಆಗಲಿ. ಆದರೆ ನೀನು ಸಿಟ್ಟಿಲ್ಲ ಎಂದು ಓದಿದ ಕಣ್ಣು ಅವ್ವನದಲ್ಲ, ನನ್ನದು. ನಿನಗೆ ಸಿಕ್ಕ ಕ್ಷಮೆಯೂ ಸುಳ್ಳಾಯಿತು. ಇದೇ ನನಗೆ ಎಲ್ಲಕ್ಕಿಂತ ಭಾರ.

ಮಾಡದೊಳಗೆ ಕೈ ಹಾಕಿದೆ. ಚೌಕಟ್ಟು ಇಲ್ಲ, ಗಾಜು ಇಲ್ಲ. ಮೊಳಕೈವರೆಗೆ ಮೆತ್ತನೆಯ ಮಣ್ಣು. ಒಂದು ಮುಷ್ಟಿ ಸೆರಗಿಗೆ ಕಟ್ಟಿಕೊಂಡು ಬಂದೆ. ಜಗಲಿಯ ಮೇಲೆ ಇಡಲು ಧೈರ್ಯ ಆಗಲಿಲ್ಲ. ಹಿತ್ತಲಿನ ಗೂಡಿನಲ್ಲಿ ಇದೆ.

ಆ ಫೋಟೋ ಹರಿದು ಹಾಕು. ನನಗೆ ಬರೆಯಬೇಕೆಂದಿಲ್ಲ.

ಲಗಮವ್ವ


ಇಚಲಕರಂಜಿ
24 ಜೂನ್ 2012

ಲಗಮವ್ವಗೆ,

ವೈನಿ ಎಂದು ಬರೆಯಲಿಲ್ಲ, ಬೇಕೆಂದೇ ಬರೆಯಲಿಲ್ಲ. ಇದು ಅಣ್ಣನ ಹೆಂಡತಿಗೆ ಬರೆದದ್ದಲ್ಲ.

ಒಂದು ತಿಂಗಳು ಸಿಟ್ಟಿನಲ್ಲಿದ್ದೆ. ಈಗಲೂ ಇದೆ. ಇಲ್ಲ ಎಂದು ಬರೆದರೆ ಅದೂ ಕಂದು ಹಚ್ಚಿದ ಹಾಗೆಯೇ. ನೆನಪಿದ್ದೂ ಬಿಟ್ಟು ಬಂದೆ ಎಂಬುದನ್ನು ಓದಿ ಕಾಗದ ಒಲೆಗೆ ಹಾಕಲು ಹೋಗಿದ್ದೆ. ನನ್ನ ಗಂಡ ಕೈ ಹಿಡಿದು, "ಕನ್ನಡದ ಕಾಗದ ವರ್ಷಕ್ಕ ಎರಡು ಬರತಾವು, ಸುಟ್ಟರ ಏನ ಓದ್ತಿ?" ಎಂದರು.

ಇನ್ನು ನನ್ನದು ಕೇಳು. ರಟ್ಟು ಬಿಚ್ಚಿದ ದಿನವೇ ನನಗೆ ತಿಳಿಯಿತು. ಮುಖ ನೋಡಿ ಅವ್ವ ಎಂದುಕೊಂಡೆ, ಎರಡು ಉಸಿರು ಅಷ್ಟೇ. ಆಮೇಲೆ ಕೈ ನೋಡಿದೆ. ಶಿವಯೋಗೆಪ್ಪ ಕಂಬ ತೆಗೆದ, ಮೂಲೆ ತಿನ್ನಿಸಿದ, ಬೆರಳಿಗೆ ತುದಿ ಹಚ್ಚಲಿಲ್ಲ. ಆ ಬೆರಳು ನಾನು ಕಟ್ಟಿದ್ದು. ಅದು ನನಗೆ ಗೊತ್ತಾಗದೆ ಇರುತ್ತದೆಯೇ ಹುಚ್ಚಿ?

ಅದಕ್ಕೆ ನಾನು ಒಂದು ದಿನವೂ ಅದನ್ನು ಹಿರಿಯರ ಸಾಲಿನಲ್ಲಿ ಇಡಲಿಲ್ಲ. ಹಾರ ಹಾಕಲಿಲ್ಲ. ಎಡೆ ಹಿಡಿದದ್ದು ತಂಬಿಗೆಗೇ, ಮೊದಲಿನ ಹಾಗೆ. ಫೋಟೋ ಇದ್ದದ್ದು ನನ್ನ ಎದುರಿಗೆ, ಊಟಕ್ಕೆ ಬಂದವರು ಕೂಡುವ ಕಡೆ. ಎಡೆ ಎತ್ತಿದ ಮೇಲೆ ಅದರ ಎದುರು ಕೂತು ನಾನು ಉಂಡೆ. ಸತ್ತವರ ಅನ್ನ ನೀನು ಉಂಡಿಲ್ಲ. ನಿನ್ನ ಜ್ವರ ಸೊಳ್ಳೆಯದು. ದವಾಖಾನೆಯವರು ಹೇಳಿದ್ದು ಖರೆ.

ಇದನ್ನು ಮೊದಲೇ ಬರೆಯಬಹುದಿತ್ತು. ನೀನು ಹೆದರುತ್ತೀ ಎಂದು ನಿನ್ನ ದೀಪ, ಊದಿನಕಡ್ಡಿಯ ಕಾಗದದಿಂದಲೇ ತಿಳಿದಿತ್ತು. ಬರೆಯಲಿಲ್ಲ. ನೀರಿನಲ್ಲಿ ಕೈ ತಪ್ಪಿ ಹೋಗಿರಬೇಕು, ನಾಚಿಕೆಗೆ ಮುಚ್ಚಿಡುತ್ತಾಳೆ, ತಾನೇ ಹೇಳಲಿ ಎಂದು ಕಾದೆ. ಬೆರಳಿನ ಮಾತು ಎತ್ತಿ ಚುಚ್ಚಿದೆ. ಅದು ಒಂದು. ಇನ್ನೊಂದು, ಫೋಟೋ ಎಲ್ಲಿ ಹೋಯಿತೆಂದು ನಾನು ಕೇಳಿದರೆ, ನಾನು ಮಣ್ಣಿಗೆ ಯಾಕೆ ಬರಲಿಲ್ಲ ಎಂದು ನೀನು ಕೇಳುತ್ತೀ ಎಂಬ ಹೆದರಿಕೆ. ನಿನಗೆ ಜ್ವರ ಬರುವುದೇ ಸಸಾರ ಅನಿಸಿತು. ನನ್ನ ಮನಸ್ಸು ನಿನ್ನದಕ್ಕಿಂತ ದೊಡ್ಡದು ಎಂದು ತಿಳಿಯಬೇಡ.

ಅವ್ವ ನನಗೆ ಬರಬೇಡ ಎಂದಳು, ನಾನು ಬರಲಿಲ್ಲ. ನೀನು ಅವ್ವನಿಗೆ ಬರಬೇಡ ಎಂದೆ, ಅವಳು ಬರಲಿಲ್ಲ. ಅವಳ ಮಾತು ನಮ್ಮಿಬ್ಬರಿಗೂ ಅಂಟಿತ್ತು. ಅವಳ ಹತ್ತಿರ ಕ್ಷಮೆ ಈಗ ಇಬ್ಬರಿಗೂ ಸಿಗುವುದಿಲ್ಲ. ಫೋಟೋ ಇದ್ದಿದ್ದರೂ ಸಿಗುತ್ತಿರಲಿಲ್ಲ, ಅವಳು ಅದರಲ್ಲಿಯೂ ತುಟಿ ಒತ್ತಿಯೇ ನಿಂತಿದ್ದಳಲ್ಲ.

ಆ ಮಣ್ಣನ್ನು ಹಿತ್ತಲಿನಲ್ಲಿ ಇಡಬೇಡ. ಒಂದು ಬಿಳಿ ಅರಿವೆಯಲ್ಲಿ ಕಟ್ಟು. ಅಕ್ಟೋಬರ್ ಹದಿನೈದಕ್ಕೆ ಅಮಾವಾಸ್ಯೆ. ಎರಡು ದಿನ ಮೊದಲು ಅದನ್ನು ತೆಗೆದುಕೊಂಡು ನೀನೇ ಬಾ, ಅಂಚೆಗೆ ಹಾಕಬೇಡ. ನಾನು ಅವತ್ತು ಹಾಕದ ಮುಷ್ಟಿ ಮಣ್ಣನ್ನು ಇಲ್ಲಿ ತುಳಸಿಯ ಬುಡಕ್ಕೆ ಹಾಕುತ್ತೇನೆ. ಆಮೇಲೆ ಎಡೆ. ಆಮೇಲೆ ನಾನು ನೀನು ಎದುರು ಬದುರು ಕೂತು ಉಣ್ಣುವುದು. ಎರಡು ವರ್ಷ ಕಾಗದದ ಮುಖದ ಜೊತೆ ಉಂಡಿದ್ದೇನೆ, ಅದು ಒಂದು ತುತ್ತು ಇಳಿಸಲಿಲ್ಲ, ರೊಟ್ಟಿ ದಪ್ಪ ಎಂದೂ ಅನ್ನಲಿಲ್ಲ.

ಬರುವಾಗ ಆ ಹಸಿರು ಸೀರೆಯನ್ನೇ ಉಟ್ಟುಕೊಂಡು ಬಾ. ಬಸ್ ಸ್ಟ್ಯಾಂಡಿನಲ್ಲಿ ನೀನು ಕೂಗಿದರೆ ನನಗೆ ಕೇಳಿಸುವುದಿಲ್ಲ. ಬಣ್ಣ ನೋಡಿ ಗುರುತು ಹಿಡಿಯುತ್ತೇನೆ.

ಯಲ್ಲವ್ವ